ಇಂಜಿನ್ +2 ಅನ್ನುತ್ತಿದೆ, ಗೆಲ್ಲಲು ದಾರಿಯೇ ಕಾಣುತ್ತಿಲ್ಲ. ಅದಕ್ಕೆ ಪೊಸಿಷನ್ ಅರ್ಥವಾಗುತ್ತದಾ?

ಮೂಲೆಯ_ಆನೆ
ಎರಡು ವಾರದ ಹಿಂದೆ ಒಂದು ಆಟ ಡ್ರಾ ಮಾಡಿಕೊಂಡೆ. ಆಮೇಲೆ ಸ್ಟಾಕ್‌ಫಿಶ್ ಅನ್ನುವ ಇಂಜಿನ್‌ಗೆ (ಚೆಸ್ ಆಡುವ ಪ್ರೋಗ್ರಾಮ್) ಹಾಕಿ ನೋಡಿದರೆ ಕೊನೆಯ ಪೊಸಿಷನ್‌ನಲ್ಲಿ ನನಗೆ +2.1, ಅಂದರೆ ನಾನು ಚೆನ್ನಾಗಿಯೇ ಮುಂದೆ. ಅಯ್ಯೋ, ಗೆಲ್ಲುವ ಆಟ ಬಿಟ್ಟುಕೊಟ್ಟೆನಲ್ಲ ಅಂತ ಎರಡು ದಿನ ಕೈ ಕೈ ಹಿಸುಕಿಕೊಂಡೆ.

ನಿನ್ನೆ ಅದೇ ಎದುರಾಳಿ, ಅದೇ ಓಪನಿಂಗ್, ಹೆಚ್ಚುಕಡಿಮೆ ಅದೇ ಪೊಸಿಷನ್. ನನ್ನ ಹತ್ತಿರ ಎರಡು ಆನೆ, ಅವನ ಹತ್ತಿರ ಒಂದು ಆನೆ, ಒಂದು ಕುದುರೆ. ಕಾಲಾಳುಗಳೆಲ್ಲ ಎದುರುಬದುರು ಸಿಕ್ಕಿಕೊಂಡಿವೆ. ತೆರೆದಿರುವುದು ಎಚ್ ಸಾಲು ಒಂದೇ, ಅದರ ಬಾಯಿಗೆ ಅವನ ಆನೆ ಬೀಗ ಹಾಕಿ ಕೂತಿದೆ. ಅವನು ಡ್ರಾ ಕೇಳಿದ. ಈ ಸಲ ನಾನು ಒಪ್ಪಲಿಲ್ಲ. +2 ಇದೆಯಲ್ಲ! ಇಪ್ಪತ್ತು ನಡೆ ಆಚೆ ಈಚೆ ಓಡಾಡಿದೆ. ಆಮೇಲೆ ತಾಳ್ಮೆ ಕೆಟ್ಟು ಒಂದು ಕಾಲಾಳು ತಳ್ಳಿದೆ. ಬಾಗಿಲು ತೆರೆಯಿತು, ನನಗಲ್ಲ, ಅವನ ಕುದುರೆಗೆ. ಸೋತೆ.

ಈಗ ಪ್ರಶ್ನೆ. ಗೆಲ್ಲುವ ದಾರಿ ಇದ್ದು ನನಗೆ ಕಾಣಲಿಲ್ಲವಾ? ಅಥವಾ ಆ +2.1 ಅನ್ನುವುದೇ ಸುಳ್ಳಾ?

ಬ್ಲಿಟ್ಸ್_ಭೂತ
ಇಂಜಿನ್ ಸುಳ್ಳು ಹೇಳಲ್ಲ ಗುರು. ನಿಮಗೆ ಆಡೋಕೆ ಬರಲಿಲ್ಲ ಅಷ್ಟೇ.

ಎಂಡ್‌ಗೇಮ್_ಹುಚ್ಚ
ಬ್ಲಿಟ್ಸ್ ಅವರೇ, ಇಷ್ಟು ಬೇಗ ತೀರ್ಪು ಕೊಡಬೇಡಿ. ಇಂಜಿನ್ ಸುಳ್ಳು ಹೇಳುವುದಿಲ್ಲ ನಿಜ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿಲ್ಲ.

ಒಂದು ಹಳೇ ಸಮಸ್ಯೆ ಹೇಳುತ್ತೇನೆ, ಬೋರ್ಡ್ ತೆಗೆದು ಜೋಡಿಸಿಕೊಳ್ಳಿ. ರುಡಾಲ್ಫ್ ಅನ್ನುವವರು ಮಾಡಿದ್ದು, 1912ರದು.

ಬಿಳಿ: ರಾಜ ಇ2, ಒಂಟೆಗಳು ಸಿ2 ಮತ್ತು ಡಿ8, ಕಾಲಾಳುಗಳು ಎ2, ಬಿ2, ಸಿ3, ಡಿ4, ಇ5, ಎಫ್4, ಜಿ4, ಎಚ್3.
ಕಪ್ಪು: ರಾಜ ಬಿ5, ಆನೆಗಳು ಎ6 ಮತ್ತು ಬಿ7, ಒಂಟೆ ಎ5, ಕಾಲಾಳುಗಳು ಎ3, ಬಿ4, ಸಿ5, ಡಿ6, ಇ7, ಎಫ್6, ಜಿ5, ಎಚ್4.

ಬಿಳಿ ನಡೆ. ಲೆಕ್ಕ ಹಾಕಿದರೆ ಬಿಳಿಯ ಕಥೆ ಮುಗಿದಂತೆ. ಆದರೆ ಬಿಳಿ ಒಂಟೆಯನ್ನ ಎ4ಕ್ಕೆ ತಂದು ಚೆಕ್ ಕೊಡುತ್ತದೆ, ಸುಮ್ನೆ ಬಿಟ್ಟಿಯಾಗಿ. ರಾಜ ಅದನ್ನ ತಿನ್ನುತ್ತಾನೆ. ಬಿ3 ಚೆಕ್, ರಾಜ ಬಿ5. ಸಿ4 ಚೆಕ್, ರಾಜ ಸಿ6. ಡಿ5 ಚೆಕ್, ರಾಜ ಡಿ7. ಇ6 ಚೆಕ್, ರಾಜ ಡಿ8ರ ಇನ್ನೊಂದು ಒಂಟೆಯನ್ನೂ ತಿನ್ನುತ್ತಾನೆ. ಆಗ ಬಿಳಿ ನಿಧಾನವಾಗಿ ಎಫ್5.

ಈಗ ನೋಡಿ. ಬಿಳಿ ಬಳಿ ರಾಜ, ಎಂಟು ಕಾಲಾಳು, ಬೇರೇನೂ ಇಲ್ಲ. ಕಪ್ಪಿನ ಬಳಿ ಎಂಟು ಕಾಲಾಳಿನ ಮೇಲೆ ಎರಡು ಆನೆ, ಒಂದು ಒಂಟೆ. ಆದರೆ ಎ ಸಾಲಿಂದ ಎಚ್ ಸಾಲಿನವರೆಗೆ ಗೋಡೆ ಕಟ್ಟಿಬಿಟ್ಟಿದೆ. ಒಂದು ಕಾಲಾಳೂ ಮುಂದೆ ಹೋಗುವಂತಿಲ್ಲ. ಬಿಳಿ ಕಾಲಾಳುಗಳೆಲ್ಲ ಬಿಳಿ ಮನೆಯಲ್ಲಿ, ಕಪ್ಪಿನ ಒಂಟೆ ಓಡಾಡುವುದು ಕಪ್ಪು ಮನೆಯಲ್ಲಿ. ಆನೆಗಳು ತಮ್ಮದೇ ಕಾಲಾಳುಗಳ ಹಿಂದೆ ಬಂದಿ. ಬಿಳಿ ರಾಜ ಹಿಂದೆ ಮುಂದೆ ನಡೆಯುತ್ತಿದ್ದರೆ ಸಾಕು, ಡ್ರಾ.

ಇಂಜಿನ್‌ಗೆ ಕೊನೆಯ ಪೊಸಿಷನ್ ಕೊಟ್ಟು ನೋಡಿ. ಕಪ್ಪು ಭಾರೀ ಮುಂದಿದೆ ಅನ್ನುತ್ತದೆ. ಒಂದು ಆನೆ ಆಚೆ, ಒಂದು ಆನೆ ಈಚೆ, ಅದೇ ಅಂಕ.

ಸುಮ್ನೆ_ಬಂದೆ
ಒಂಟೆ ಅಂದರೆ ಬಿಷಪ್ ತಾನೇ? ನಮ್ಮ ಕಡೆ ಆನೆಗೆ ಒಂಟೆ, ಒಂಟೆಗೆ ಆನೆ ಅನ್ನುವವರೂ ಇದ್ದರು. ಬೋರ್ಡ್ ಜೋಡಿಸುವಾಗ ಗಲಿಬಿಲಿ ಆಯಿತು.

ಎಂಡ್‌ಗೇಮ್_ಹುಚ್ಚ
ಹೌದು, ಒಂಟೆ ಬಿಷಪ್. ಆನೆ ಮೂಲೆಯಲ್ಲಿ ನಿಲ್ಲುವುದು.

ಮೂಲೆಯ_ಆನೆ
ನನ್ನ ಹೆಸರಲ್ಲೇ ಇದೆಯಲ್ಲ ಸ್ವಾಮಿ.

ಕೋಡ್_ಕುಟ್ಟಪ್ಪ
ಜೋಡಿಸಿ ನೋಡಿದೆ, ಹುಚ್ಚರು ಹೇಳಿದ್ದು ಸರಿ. ಆದರೆ ಇದಕ್ಕೆ "ಇಂಜಿನ್ ದಡ್ಡ" ಅನ್ನುವುದು ಉತ್ತರ ಅಲ್ಲ. ಯಾಕೆ ಹೀಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಇಂಜಿನ್ ಒಳಗೆ ಎರಡು ಕೆಲಸ ನಡೆಯುತ್ತವೆ. ಒಂದು ಹುಡುಕಾಟ: ನಾನು ಹೀಗೆ ಹೋದರೆ ಅವನು ಹೀಗೆ, ಆಗ ನಾನು ಹೀಗೆ ಅಂತ ಮರದ ಕೊಂಬೆಗಳ ಥರ ಹರಡುತ್ತಾ ಹೋಗುವುದು. ಇನ್ನೊಂದು ಬೆಲೆ ಕಟ್ಟುವುದು: ಕೊಂಬೆಯ ತುದಿಗೆ ಬಂದಾಗ ಈ ಪೊಸಿಷನ್ ಯಾರಿಗೆ ಎಷ್ಟು ಒಳ್ಳೆಯದು ಅಂತ ಒಂದು ಅಂಕ. ಕೋಟೆ ಕಟ್ಟಿದ ಪೊಸಿಷನ್‌ನಲ್ಲಿ (ಹೀಗೆ ಗೋಡೆ ಕಟ್ಟಿ ಎದುರಾಳಿ ಒಳಗೆ ಬರದಂತೆ ಮಾಡಿದ್ದು) ಎಷ್ಟು ಆಳ ಹೋದರೂ ಏನೂ ಬದಲಾಗುವುದಿಲ್ಲ. 20 ನಡೆ ಆಚೆಯೂ ಎರಡು ಆನೆ ಮುಂದೆ, 40 ನಡೆ ಆಚೆಯೂ ಎರಡು ಆನೆ ಮುಂದೆ. ಹಾಗಾಗಿ ತುದಿಯ ಅಂಕವೇ ಮೇಲೆ ಬರುತ್ತದೆ. "ಇಲ್ಲಿ ಯಾವತ್ತೂ ಏನೂ ಆಗುವುದಿಲ್ಲ" ಅನ್ನುವ ಮಾತು ಹುಡುಕಾಟದಿಂದ ಸಿಗುವುದಿಲ್ಲ. ನೀವು ಗೋಡೆ ನೋಡಿ ಒಂದೇ ಕಣ್ಣಿಗೆ ಹೇಳುತ್ತೀರಿ. ಅದು ಒಂದೊಂದೇ ಇಟ್ಟಿಗೆ ಮುಟ್ಟಿ ನೋಡುತ್ತದೆ.

ಇನ್ನೊಂದು ವಿಷಯ. ಎಲ್ಲ ಕೊಂಬೆಗೂ ಸಮಯ ಸಾಲುವುದಿಲ್ಲ. ಹೊಡೆದಾಟ, ಚೆಕ್ ಇರುವ ನಡೆಗಳನ್ನ ಆಳಕ್ಕೆ ನೋಡುತ್ತದೆ. ಪಟ್ಟಿಯಲ್ಲಿ ಕೆಳಗೆ ಬರುವ ಸದ್ದಿಲ್ಲದ ನಡೆಗಳನ್ನ ಕಡಿಮೆ ಆಳಕ್ಕೆ ನೋಡಿ ಬಿಟ್ಟುಬಿಡುತ್ತದೆ. ರಾಜನನ್ನ ಎಂಟು ನಡೆಯಲ್ಲಿ ಆ ತುದಿಗೆ ಒಯ್ದು, ಆಮೇಲೆ ಕಾಲಾಳು ತಳ್ಳುವ ಥರದ ಯೋಜನೆ ಅಂದರೆ ಸದ್ದಿಲ್ಲದ ನಡೆಗಳ ಮೆರವಣಿಗೆ. ಅದು ತಡವಾಗಿ ಕಾಣುವುದು ಅದಕ್ಕೇ.

ನಿಧಾನಿ
ಪೆನ್‌ರೋಸ್ ಪೊಸಿಷನ್ ನೆನಪಾಯಿತು. 2017ರಲ್ಲಿ ಪೆನ್‌ರೋಸ್ ಸಂಸ್ಥೆ ಹೊರಗೆ ಬಿಟ್ಟದ್ದು. ಕಪ್ಪಿಗೆ ರಾಣಿ, ಎರಡು ಆನೆ, ಮೂರು ಒಂಟೆ. ಮೂರೂ ಕಪ್ಪು ಮನೆಯವು! ಬಿಳಿಗೆ ರಾಜ, ನಾಲ್ಕು ಕಾಲಾಳು. ರಾಣಿ, ಆನೆಗಳು ಎಡಗಡೆ ಮೂಲೆಯಲ್ಲಿ ಕಾಲಾಳುಗಳ ಮಧ್ಯೆ ಸಿಕ್ಕಿಹಾಕಿಕೊಂಡಿವೆ. ಬಿಳಿ ರಾಜ ಬಿಳಿ ಮನೆಗಳ ಮೇಲೆ ಅಡ್ಡಾಡುತ್ತಿದ್ದರೆ ಮೂರು ಒಂಟೆ ಸೇರಿಯೂ ಅವನ ಕೂದಲು ಕೊಂಕಿಸಲಾರವು. ಚೆಸ್ ಕಲಿತು ಒಂದು ತಿಂಗಳಾದ ಹುಡುಗಿಗೆ ತೋರಿಸಿದೆ, ಐದು ನಿಮಿಷಕ್ಕೆ ಡ್ರಾ ಅಂದಳು. ಇಂಜಿನ್ ರಾತ್ರಿಯೆಲ್ಲ ಕಪ್ಪು ಗೆಲ್ಲುತ್ತದೆ ಅಂತ ಕೂತಿತ್ತು.

ಬ್ಲಿಟ್ಸ್_ಭೂತ
ಇವೆಲ್ಲ ಬೇಕು ಅಂತಲೇ ಕಟ್ಟಿದ ಸರ್ಕಸ್ ಪೊಸಿಷನ್‌ಗಳು. ಮೂರು ಕಪ್ಪು ಒಂಟೆ ಯಾರ ಆಟದಲ್ಲಿ ಬರುತ್ತದೆ? ನಿಜವಾದ ಆಟದ ಉದಾಹರಣೆ ಕೊಡಿ ನೋಡೋಣ.

ಹಳೇ_ಗಡಿಯಾರ
ಕೊಡೋಣ. 2003, ನ್ಯೂಯಾರ್ಕ್, ವಿಶ್ವ ಚಾಂಪಿಯನ್ ಆಗಿದ್ದ ಕಾಸ್ಪರೋವ್ ಮತ್ತು ಎಕ್ಸ್3ಡಿ ಫ್ರಿಟ್ಜ್ ಅನ್ನುವ ಇಂಜಿನ್, ಮೂರನೇ ಆಟ. ಕಾಸ್ಪರೋವ್ ನಡುಭಾಗವನ್ನ ಪೂರ್ತಿ ಮುಚ್ಚಿದರು. ತಾನು ಆಡಬೇಕಾದ್ದು ಯಾವ ಕಡೆ ಅಂತ ಫ್ರಿಟ್ಜ್‌ಗೆ ಗೊತ್ತೇ ಆಗಲಿಲ್ಲ. ಒಂಟೆ ಹಿಂದೆ, ಒಂಟೆ ಮುಂದೆ ಅಂತ ಕಾಲ ಕಳೆಯಿತು. ಕಾಸ್ಪರೋವ್ ಆ ಕಡೆ ಆರಾಮವಾಗಿ ಕಾಲಾಳು ಮುಂದಕ್ಕೆ ತಂದು 45 ನಡೆಗೆ ಗೆದ್ದರು. ಪಂದ್ಯ ಕೊನೆಗೆ 2-2 ಸಮ ಆಯಿತು.

2008ರಲ್ಲಿ ನಾಕಮುರಾ ರಿಬ್ಕಾ ಇಂಜಿನ್ ಜೊತೆ ಆಡಿದ ಆಟ ಇನ್ನೂ ಮಜಾ. ಮೂರು ನಿಮಿಷದ ಬ್ಲಿಟ್ಸ್. ನಾಕಮುರಾ ಕಪ್ಪು. ಎಲ್ಲ ಮುಚ್ಚಿ ಕೂತರು. ರಿಬ್ಕಾಗೆ ತಾನು ಮುಂದಿದ್ದೇನೆ ಅನ್ನುವ ಭ್ರಮೆ. 50 ನಡೆ ನಿಯಮದ ಡ್ರಾ (ಕಾಲಾಳು ನಡೆಯದೆ, ಹೊಡೆದಾಟ ಆಗದೆ 50 ನಡೆ ಕಳೆದರೆ ಡ್ರಾ) ಹತ್ತಿರ ಬಂದಾಗ, ಮುಂದಿರುವವನು ಡ್ರಾ ಒಪ್ಪುತ್ತಾನಾ? ಕಾಲಾಳು ತಳ್ಳಿ ಪೊಸಿಷನ್ ತಾನೇ ಒಡೆದುಕೊಂಡಿತು. ಸೋತಿತು, 271 ನಡೆಗೆ. ನಾಕಮುರಾ ಕೊನೆಗೆ ಕಾಲಾಳುಗಳನ್ನ ರಾಣಿ ಮಾಡುವ ಬದಲು ಒಂಟೆ ಮಾಡಿ ಅಣಕಿಸಿದರು.

ಮೂಲೆಯ_ಆನೆ
ತಡೆಯಿರಿ. ಮುಂದಿದ್ದೇನೆ ಅಂದುಕೊಂಡು ಡ್ರಾ ಬೇಡ ಅಂದು, ಕಾಲಾಳು ತಳ್ಳಿ ಸೋತದ್ದು... ಅದು ನಾನೇ!

ಹಳೇ_ಗಡಿಯಾರ
ಹೇಳಬಾರದು ಅಂತಿದ್ದೆ.

ಎಚ್_ಕಾಲಾಳು
ಇವೆಲ್ಲ ಹಳೇ ಕಾಲದ ಇಂಜಿನ್‌ಗಳ ಕಥೆ. ತನ್ನ ಜೊತೆ ತಾನೇ ಆಡಿ ಕಲಿತ ಆಲ್ಫಾಝೀರೋ ಬಂದಮೇಲೆ ಎಲ್ಲ ಬದಲಾಯಿತು. ಅದು ಸ್ಟಾಕ್‌ಫಿಶ್ ಜೊತೆ 155 ಆಟ ಗೆದ್ದು ಒಂದೂ ಸೋಲಲಿಲ್ಲ. ಪೊಸಿಷನ್ ಅರ್ಥ ಮಾಡಿಕೊಳ್ಳುವುದರಲ್ಲಿ ಮನುಷ್ಯರನ್ನ ಮೀರಿಸಿದೆ.

ಕೋಡ್_ಕುಟ್ಟಪ್ಪ
ಎರಡು ಪಂದ್ಯ ಕಲಸಿಬಿಟ್ಟಿರಿ. 2017 ಡಿಸೆಂಬರ್‌ನಲ್ಲಿ ಬಂದದ್ದು 100 ಆಟ: 28 ಗೆಲುವು, 72 ಡ್ರಾ, ಸೋಲಿಲ್ಲ. 155 ಗೆಲುವು 2018ರ ಡಿಸೆಂಬರ್‌ನಲ್ಲಿ ಪ್ರಕಟವಾದ 1000 ಆಟದ ಪಂದ್ಯದ್ದು, ಅದರಲ್ಲಿ 6 ಸೋಲು ಇದ್ದವು. 2017ರ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ ನಡೆಗೆ ಒಂದು ನಿಮಿಷ ಅಂತ ಕಟ್ಟಿಹಾಕಿ, ಮೆಮೊರಿಯನ್ನೂ ಕಡಿಮೆ ಕೊಟ್ಟಿದ್ದರು ಅಂತ ಆಗಲೇ ಸಾಕಷ್ಟು ಜಗಳ ನಡೆದಿತ್ತು.

ಆದರೆ ನೀವು ಹೇಳಿದ್ದರಲ್ಲಿ ತಿರುಳಿದೆ. ಸ್ಟಾಕ್‌ಫಿಶ್ ಸೆಕೆಂಡಿಗೆ 7 ಕೋಟಿ ಪೊಸಿಷನ್ ನೋಡುತ್ತಿದ್ದಾಗ ಆಲ್ಫಾಝೀರೋ ನೋಡುತ್ತಿದ್ದದ್ದು 80,000. ಕಡಿಮೆ ನೋಡಿ ಜಾಸ್ತಿ ಸರಿಯಾಗಿ ಬೆಲೆ ಕಟ್ಟಿತು.

ಎಚ್_ಕಾಲಾಳು
ಸರಿ, ಸಂಖ್ಯೆ ತಪ್ಪಿತು, ಒಪ್ಪಿದೆ. ಆದರೆ ಆ ಆಟಗಳನ್ನ ಆಡಿಸಿ ನೋಡಿ. ಎಚ್ ಕಾಲಾಳನ್ನ ಎಚ್6ರವರೆಗೆ ತಳ್ಳಿ ಎದುರಾಳಿ ರಾಜನ ಕುತ್ತಿಗೆಗೆ ಗೂಟ ಹೊಡೆದು, ಅದಕ್ಕೆ ಎರಡು ಕಾಲಾಳು ಕೊಟ್ಟು, ಮೂವತ್ತು ನಡೆ ಆದಮೇಲೆ ಫಲ ತೆಗೆಯುತ್ತದೆ. ಅಷ್ಟು ಹೊತ್ತು ಎದುರಾಳಿ ಇಂಜಿನ್ "ನಾನು ಚೆನ್ನಾಗಿದ್ದೇನೆ" ಅಂತಲೇ ಇರುತ್ತದೆ. ಇದು ಅರ್ಥ ಮಾಡಿಕೊಂಡದ್ದು ಅಲ್ವಾ?

ನಿಧಾನಿ
ಅರ್ಥ ಅನ್ನುವ ಪದವನ್ನೇ ಬಿಟ್ಟುಬಿಡಿ. ಈ ಪದದ ಮೇಲೆ ಜಗಳ ಶುರುವಾದರೆ ಎತ್ತು ಏರಿಗೆ, ಕೋಣ ನೀರಿಗೆ.

ಬ್ಲಿಟ್ಸ್_ಭೂತ
ಅದೇ ಅಲ್ವಾ ಶೀರ್ಷಿಕೆಯ ಪ್ರಶ್ನೆ?

ಕೋಡ್_ಕುಟ್ಟಪ್ಪ
ಸ್ಟಾಕ್‌ಫಿಶ್ ಕೂಡ ಈಗ ಹಳೇ ಸ್ಟಾಕ್‌ಫಿಶ್ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಎನ್‌ಎನ್‌ಯುಇ ಅನ್ನುವ ಚಿಕ್ಕ ನ್ಯೂರಲ್ ನೆಟ್‌ವರ್ಕ್ ಬೆಲೆ ಕಟ್ಟುತ್ತದೆ. ಈ ವಿಧಾನ ಮೊದಲು ಬಂದದ್ದು ಜಪಾನಿನ ಚೆಸ್ ಆದ ಶೋಗಿಗೆ, 2018ರಲ್ಲಿ ಯು ನಾಸು ಅನ್ನುವವರು ಮಾಡಿದ್ದು. ಮನುಷ್ಯರು ಕೈಯಿಂದ ಬರೆದಿದ್ದ ನಿಯಮಗಳನ್ನ (ಒಂಟಿ ಕಾಲಾಳಿಗೆ ಇಷ್ಟು ಕಳೆ, ತೆರೆದ ಸಾಲಿನ ಆನೆಗೆ ಇಷ್ಟು ಕೂಡು) 2023ರಲ್ಲಿ ಪೂರ್ತಿ ಕಿತ್ತುಹಾಕಿದರು. ಲೀಲಾ ಇಂಜಿನ್ ಆಟಗಳ ಡೇಟಾವನ್ನೂ ಸ್ಟಾಕ್‌ಫಿಶ್‌ನ ನೆಟ್‌ವರ್ಕ್ ಕಲಿಸಲು ಬಳಸುತ್ತಾರೆ. ಹಾಗಾಗಿ "ಸ್ಟಾಕ್‌ಫಿಶ್ ಲೆಕ್ಕದವನು, ಲೀಲಾ ಪೊಸಿಷನ್‌ನವಳು" ಅನ್ನುವ ಹಳೇ ಮಾತು ಈಗ ಅರ್ಧ ಮಾತ್ರ ನಿಜ.

ಮಾಮೂಲಿ ಆಟಗಳಲ್ಲಿ ಬರುವ ಪೊಸಿಷನ್‌ಗೆ ಈ ನೆಟ್‌ವರ್ಕ್ ಹೇಳುವ ಅಂಕ ನಮ್ಮ ನಿಮ್ಮ ಅಂದಾಜಿಗಿಂತ ಎಷ್ಟೋ ಮೇಲು. ಎಡವುವುದು ಅದು ಕಲಿತ ಆಟಗಳಲ್ಲಿ ಅಪರೂಪವಾಗಿ ಬರುವ ಕಡೆ. ಕೋಟೆ ಅಂಥದ್ದು.

ಹಳೇ_ಗಡಿಯಾರ
1997ರಲ್ಲಿ ಐಬಿಎಂನ ಯಂತ್ರ ಡೀಪ್ ಬ್ಲೂ ಕಾಸ್ಪರೋವ್ ಜೊತೆ ಆಡಿದ ಎರಡನೇ ಆಟವನ್ನ ಯಾರೂ ಎತ್ತಲಿಲ್ಲ. 37ನೇ ನಡೆ. ರಾಣಿಯನ್ನ ಬಿ6ಕ್ಕೆ ನುಗ್ಗಿಸಿ ಕಾಲಾಳು ತಿನ್ನಬಹುದಿತ್ತು, ಯಂತ್ರ ಅಂದರೆ ತಿನ್ನಲೇಬೇಕು ಅಂತ ಎಲ್ಲರ ಲೆಕ್ಕ. ಅದು ತಿನ್ನಲಿಲ್ಲ. ಒಂಟೆಯನ್ನ ಇ4ಕ್ಕೆ ತಂದು ಕಪ್ಪಿನ ಉಸಿರು ಕಟ್ಟಿಸಿತು. ಕಾಸ್ಪರೋವ್‌ಗೆ ಅದೆಷ್ಟು ಆಘಾತ ಅಂದರೆ, ಒಳಗೆ ಮನುಷ್ಯ ಕೂತಿದ್ದಾನೆ ಅಂತ ಅನುಮಾನಪಟ್ಟರು. ತಮಾಷೆ ಏನು ಗೊತ್ತಾ? ಅವರು ಸೋಲೊಪ್ಪಿದ ಪೊಸಿಷನ್‌ನಲ್ಲಿ ಡ್ರಾಗೆ ಹೋರಾಡಬಹುದಿತ್ತು ಅಂತ ಆಮೇಲೆ ತೋರಿಸಿದರು. ಯಂತ್ರ ಎಲ್ಲವನ್ನೂ ನೋಡಿರುತ್ತದೆ ಅಂತ ನಂಬಿ ಕೈ ಚೆಲ್ಲಿದ್ದರು.

ಸುಮ್ನೆ_ಬಂದೆ
ಅಂದರೆ ಅವತ್ತಿನಿಂದಲೂ ಇದೇ ಕಾಯಿಲೆ. ಯಂತ್ರ ನೋಡಿಯೇ ಇರುತ್ತದೆ ಅಂತ.

ಎಂಡ್‌ಗೇಮ್_ಹುಚ್ಚ
ಕೋಟೆ ಮಾತ್ರ ಅಲ್ಲ, ಜುಗ್‌ಜ್ವಾಂಗ್ (ಯಾವ ನಡೆ ಆಡಿದರೂ ಕೆಡುವ ಸ್ಥಿತಿ) ಕೂಡ ಇಂಜಿನ್‌ಗೆ ಕಾಲಿಗೆ ಸಿಕ್ಕುವ ಹಗ್ಗ ಅಲ್ವಾ ಕುಟ್ಟಪ್ಪ ಅವರೇ? ಅದೇನೋ ನಲ್ ಮೂವ್ ಅನ್ನುತ್ತಾರಲ್ಲ.

ಕೋಡ್_ಕುಟ್ಟಪ್ಪ
ಹೌದು. "ನಾನು ನಡೆಯನ್ನೇ ಆಡದೆ ಬಿಟ್ಟರೂ ಚೆನ್ನಾಗಿದ್ದೇನೆ, ಅಂದಮೇಲೆ ಈ ಕೊಂಬೆ ನೋಡುವುದು ದಂಡ" ಅನ್ನುವ ಚುರುಕು ಉಪಾಯ ಅದು. ತುಂಬ ಸಮಯ ಉಳಿಸುತ್ತದೆ. ಆದರೆ ಜುಗ್‌ಜ್ವಾಂಗ್‌ನಲ್ಲಿ ನಡೆ ಆಡಬೇಕಾದ್ದೇ ಶಿಕ್ಷೆ, ಅಲ್ಲಿ ಈ ಉಪಾಯ ತಲೆಕೆಳಗಾಗುತ್ತದೆ. ಅದಕ್ಕೇ ರಾಜ-ಕಾಲಾಳು ಮಾತ್ರ ಉಳಿದಾಗ ಸ್ಟಾಕ್‌ಫಿಶ್ ಅದನ್ನ ಬಳಸುವುದಿಲ್ಲ. ಆಳ ಜಾಸ್ತಿ ಆದಾಗ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳುತ್ತದೆ.

ಎಚ್_ಕಾಲಾಳು
ಟೊಪಲೋವ್-ಶಿರೋವ್, ಲಿನಾರೆಸ್ 1998. ಶಿರೋವ್ ಕಪ್ಪು, 47ನೇ ನಡೆ ಒಂಟೆ ಎಚ್3!! ಬೇರೆ ಬೇರೆ ಬಣ್ಣದ ಒಂಟೆಗಳ ಎಂಡ್‌ಗೇಮ್, ಕಾಲಾಳು ಜಾಸ್ತಿ ಇದ್ದರೂ ಡ್ರಾ ಅನ್ನಿಸುವಂಥದ್ದು. ಒಂಟೆಯನ್ನ ಬಿಟ್ಟಿ ಕೊಟ್ಟದ್ದು ಯಾಕೆ? ರಾಜ ಇ4ಕ್ಕೆ ಒಂದು ನಡೆ ಬೇಗ ತಲುಪಲಿ ಅಂತ. ಅಷ್ಟಕ್ಕೆ ಒಂದು ಒಂಟೆ! ಆ ಕಾಲದ ಇಂಜಿನ್‌ಗಳು ಇದನ್ನ ಕಾಣಲಿಲ್ಲ. ಈಗಿನವು ಸಮಯ ಕೊಟ್ಟರೆ ಕಾಣುತ್ತವೆ.

ನಿಧಾನಿ
ನನಗೆ ಅದಕ್ಕಿಂತ ಕಾರ್ಪೋವ್ ಇಷ್ಟ. 1974ರ ನೀಸ್ ಒಲಿಂಪಿಯಾಡ್, ಉಂಜಿಕರ್ ವಿರುದ್ಧ. ತೆರೆದ ಎ ಸಾಲಲ್ಲಿ ಎರಡೂ ಕಡೆಯ ಆನೆಗಳು ಎದುರಾಗಿವೆ. ಬದಲಾಯಿಸಿಕೊಂಡರೆ ಸಪ್ಪೆ. 24ನೇ ನಡೆ, ಒಂಟೆ ಎ7ಕ್ಕೆ. ಸಾಲಿಗೆ ಅಡ್ಡ ಒಂಟೆ ನಿಲ್ಲಿಸಿ, ಅದರ ಮರೆಯಲ್ಲಿ ಆನೆಗಳನ್ನ ನಿಧಾನವಾಗಿ ಒಂದರ ಹಿಂದೆ ಒಂದು ಜೋಡಿಸಿದರು. ಕಪ್ಪು ಮಾಡುವುದಕ್ಕೆ ಏನೂ ಇಲ್ಲ. ಹೊಡೆದಾಟ ಇಲ್ಲ, ಚೆಕ್ ಇಲ್ಲ, ಸದ್ದೇ ಇಲ್ಲ. ಆಟ ಕೊನೆಗೆ ರಾಜನ ಕಡೆ ಮುಗಿಯಿತು ಅನ್ನುವುದು ಬೇರೆ ಮಾತು.

ಅಂಕ ಪಟ್ಟಿ ನೋಡುತ್ತಾ ಕೂತರೆ ಈ ನಡೆಯ ರುಚಿ ಸಿಗುವುದಿಲ್ಲ. 0.2 ಏರಿರಬಹುದು, ಅಷ್ಟೇ ಕಾಣುತ್ತದೆ.

ಬ್ಲಿಟ್ಸ್_ಭೂತ
ರುಚಿಯಿಂದ ರೇಟಿಂಗ್ ಏರಲ್ಲ ಸಾರ್.

ನಿಧಾನಿ
ಗುಕೇಶ್ ಚಿಕ್ಕವನಿದ್ದಾಗ ಬಹಳ ವರ್ಷ ಇಂಜಿನ್ ಇಲ್ಲದೆಯೇ ತರಬೇತಿ ಪಡೆದವನು. 2024ರಲ್ಲಿ ವಿಶ್ವ ಚಾಂಪಿಯನ್ ಆದ. ರೇಟಿಂಗ್ ಸಾಕಾ?

ಬ್ಲಿಟ್ಸ್_ಭೂತ
ಚಾಂಪಿಯನ್‌ಶಿಪ್‌ಗೆ ತಯಾರಿ ಮಾಡುವಾಗ ಇಂಜಿನ್ ಬಳಸಲಿಲ್ಲವಾ? ಅರ್ಧ ಕಥೆ ಹೇಳಬೇಡಿ.

ನಿಧಾನಿ
ಬಳಸಿದ, ಇಲ್ಲ ಅನ್ನುವುದಿಲ್ಲ. ಮೊದಲು ಕಣ್ಣು, ಆಮೇಲೆ ಕನ್ನಡಕ.

ಕೋಡ್_ಕುಟ್ಟಪ್ಪ
ಮೂಲೆಯ ಆನೆಯವರ +2.1ಗೆ ವಾಪಸ್ ಬರೋಣ. ಆ ಅಂಕ ಎರಡು ಕಾಲಾಳು ಮುಂದೆ ಅಂತ ಅಲ್ಲ. ಸ್ಟಾಕ್‌ಫಿಶ್ 15.1ರಿಂದ ಅಂಕವನ್ನ ಗೆಲುವಿನ ಸಾಧ್ಯತೆಗೆ ಹೊಂದಿಸಿದ್ದಾರೆ. +1.0 ಅಂದರೆ ಇಂಜಿನ್ ತನ್ನಂಥದ್ದೇ ಇಂಜಿನ್ ಜೊತೆ ಆಡಿದರೆ ಗೆಲ್ಲುವ ಸಾಧ್ಯತೆ 50 ಶೇಕಡಾ. ಹಾಗಾಗಿ +2.1 ಅಂದರೆ "ಇಂಥ ಅಂಕ ಬಂದ ಆಟಗಳನ್ನ ಸಾಮಾನ್ಯವಾಗಿ ಗೆದ್ದಿದ್ದೇನೆ" ಅಂತ. ನಿಮ್ಮ ಮುಚ್ಚಿದ ಪೊಸಿಷನ್ ಆ "ಸಾಮಾನ್ಯ"ದ ಒಳಗೆ ಬರುತ್ತದಾ ಅನ್ನುವುದೇ ಪ್ರಶ್ನೆ.

ಒಂದು ಕೆಲಸ ಮಾಡಿ. ಅಂಕ ಎಷ್ಟು ಅಂತ ನೋಡಬೇಡಿ, ಅದು ಚಲಿಸುತ್ತಿದೆಯಾ ನೋಡಿ. ನಿಜವಾಗಿ ಗೆಲ್ಲುವ ಪೊಸಿಷನ್ ಆದರೆ ಇಂಜಿನ್ ಹೇಳಿದ ನಡೆಗಳನ್ನ ಆಡಿಸುತ್ತಾ ಹೋದಂತೆ 2.1, 2.6, 3.4 ಅಂತ ಏರಬೇಕು. ಹತ್ತು ನಡೆ ಆದರೂ 2.1ರಲ್ಲೇ ಗೂಟ ಹೊಡೆದು ಕೂತಿದ್ದರೆ ಅನುಮಾನ ಪಡಿ. ಅದು ಹೇಳುವ ಸಾಲಿನಲ್ಲಿ ರಾಜ ಜಿ2, ರಾಜ ಜಿ1, ರಾಜ ಜಿ2 ಅಂತ ಬರುತ್ತಿದ್ದರಂತೂ ಅದಕ್ಕೂ ದಾರಿ ಗೊತ್ತಿಲ್ಲ ಅಂತಲೇ ಅರ್ಥ.

ಎಂಡ್‌ಗೇಮ್_ಹುಚ್ಚ
ಇದನ್ನ ನಾನೂ ಮಾಡುತ್ತೇನೆ. ಇನ್ನೊಂದು ಸೇರಿಸಿ: ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಇಂಜಿನ್ ಬಿಡಿ, ಟೇಬಲ್‌ಬೇಸ್ (ಪ್ರತಿ ಪೊಸಿಷನ್‌ನ ಫಲ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ) ನೋಡಿ. ಅಲ್ಲಿ ಅಂದಾಜು ಇಲ್ಲ. ಗೆಲುವು, ಡ್ರಾ, ಸೋಲು, ಮೂರೇ ಮಾತು. ಎಚ್ ಸಾಲಿನ ಕಾಲಾಳು ಜೊತೆಗೆ ಬಿಳಿ ಮನೆಯ ಒಂಟೆ ಇದ್ದು, ಎದುರಾಳಿ ರಾಜ ಎಚ್8 ಮೂಲೆಗೆ ಬಂದು ಕೂತರೆ ಡ್ರಾ ಅಂತ ಅದು ಕಣ್ಣು ಮಿಟುಕಿಸದೆ ಹೇಳುತ್ತದೆ.

ಮೂಲೆಯ_ಆನೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕುಟ್ಟಪ್ಪ ಹೇಳಿದಂತೆ ಮಾಡಿದೆ. ನನ್ನ ಪೊಸಿಷನ್ ಇಟ್ಟು ಇಂಜಿನ್ ಜೊತೆ ಇಂಜಿನ್ ಬಿಟ್ಟೆ.

ಮೊದಲ ಹದಿನೈದು ನಡೆ: 2.1, 2.1, 2.0, 2.1. ಆನೆ ಎಚ್1, ಆನೆ ಎಚ್2. ನನಗೆ ನಗು ಬಂತು, ನಾನು ಆಡಿದ್ದೂ ಇದನ್ನೇ. ಮೂವತ್ತನೇ ನಡೆ ಹೊತ್ತಿಗೆ 1.7. ನಲವತ್ತಕ್ಕೆ 1.3. ಯಾರೂ ಏನೂ ಮಾಡಿಲ್ಲ, ಸುಮ್ನೆ ಇಳಿಯುತ್ತಿದೆ!

ಕೋಡ್_ಕುಟ್ಟಪ್ಪ
ಅದು ಜ್ಞಾನೋದಯ ಅಲ್ಲ. ಕಾಲಾಳು ನಡೆಯದೆ, ಹೊಡೆದಾಟ ಆಗದೆ 50 ನಡೆ ನಿಯಮದ ಎಣಿಕೆ ಏರಿದಂತೆ ಅಂಕವನ್ನ ಕುಗ್ಗಿಸುವ ಲೆಕ್ಕ ಕೋಡ್‌ನಲ್ಲೇ ಇದೆ. ಆಮೇಲೆ ಏನಾಯಿತು? ಡ್ರಾ ತಾನೇ?

ಮೂಲೆಯ_ಆನೆ
ಇಲ್ಲ, ಅದೇ ಹೇಳೋಕೆ ಬಂದೆ. 46ನೇ ನಡೆಗೆ ಬಿಳಿ ಬಿ4 ತಳ್ಳಿತು. ನಾನು ತಳ್ಳಿದ್ದು ಜಿ4, ಇದು ಇನ್ನೊಂದು ಕಡೆ. ಒಂದು ಕಾಲಾಳು ಹೋಯಿತು, ಆದರೆ ಬಿ ಸಾಲು ತೆರೆಯಿತು. ಅವನ ಆನೆ ಎಚ್ ಸಾಲಿಗೆ ಬೀಗ ಹಾಕಿ ಕೂತಿತ್ತಲ್ಲ, ಎರಡು ಬಾಗಿಲು ಕಾಯಲು ಒಂದೇ ಆನೆ. ಬಿಳಿ ಒಳಗೆ ನುಗ್ಗಿ ಗೆದ್ದಿತು.

ಎಂಡ್‌ಗೇಮ್_ಹುಚ್ಚ
ಹಾಗಾದರೆ ಅದು ಕೋಟೆಯೇ ಅಲ್ಲ! ಇಷ್ಟು ಹೊತ್ತು ಏನು ಮಾತಾಡಿದೆವು ನಾವು?

ಬ್ಲಿಟ್ಸ್_ಭೂತ
ಎರಡನೇ ಪೋಸ್ಟ್ ಓದಿ. ಏನು ಬರೆದಿದ್ದೆ ನಾನು?

ನಿಧಾನಿ
ಬಿ4 ಗೊತ್ತಿದ್ದರೆ ಮೊದಲನೇ ನಡೆಗೇ ಯಾಕೆ ತಳ್ಳಲಿಲ್ಲ? 45 ನಡೆ ಆನೆ ಕುಣಿಸಿದ್ದು ಯಾಕೆ?

ಕೋಡ್_ಕುಟ್ಟಪ್ಪ
ಒಂದೇ ಆಟದಿಂದ ಏನೂ ಹೇಳಲಾಗುವುದಿಲ್ಲ. ಕಾದರೆ ಡ್ರಾ ಅಂಕಕ್ಕೆ ಇಳಿಯುತ್ತದೆ ಅಂತ ಕಂಡಮೇಲೆ ಬಿ4 ಪಟ್ಟಿಯಲ್ಲಿ ಮೇಲೆ ಬಂದಿರಬಹುದು, ಗೆಲುವು ಕಂಡು ತಳ್ಳಿದ್ದಲ್ಲ. ಅಥವಾ ಕಪ್ಪು ಇಂಜಿನ್ ಆಮೇಲೆ ತಪ್ಪಿರಬಹುದು. ಬಿ4 ಆಡಿದ ಮೇಲಿನ ಪೊಸಿಷನ್ ಹಾಕಿ. ಅವನು ಆ ಕಾಲಾಳನ್ನ ತಿನ್ನದೇ ಬಿಟ್ಟರೆ ಏನು ಅಂತ ನೋಡಬೇಕು.

ಮೂಲೆಯ_ಆನೆ
ತಿನ್ನದೇ ಬಿಟ್ಟರೆ... ಅದನ್ನ ನೋಡಲೇ ಇಲ್ಲ. ರಾತ್ರಿ ಮತ್ತೆ ಓಡಿಸಿ ಹಾಕುತ್ತೇನೆ. ಶನಿವಾರ ಅದೇ ಎದುರಾಳಿ ಜೊತೆ ಆಟ ಇದೆ, ಅವನು ಇಲ್ಲಿ ಓದುತ್ತಿಲ್ಲ ಅಂದುಕೊಂಡಿದ್ದೇನೆ.

ಸುಮ್ನೆ_ಬಂದೆ
ಓದುತ್ತಿದ್ದೇನೆ. ನಾನು ತಿನ್ನುವುದಿಲ್ಲ.